ಧ್ರುವಪ್ರಭೆಯ ಬೆನ್ನು ಹತ್ತಿದ ಪ್ರೊಫೆಸರ್

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಅಲ್ಲಿ ನಡೆಸುತ್ತಿರುವ ವೀಕ್ಷಣಾಲಯದ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಹರಡಿದ್ದ ಆ ರಕ್ತವರ್ಣದ ಬೆಳಕನ್ನು ಸೆರೆಹಿಡಿದವು. ನಾರ್ವೆ, ಐಸ್‌ಲ್ಯಾಂಡ್, ಕೆನಡಾಗಳ ಪಾಲಿಗಷ್ಟೇ ಮೀಸಲು ಎಂದು ನಾವು ಭಾವಿಸಿರುವ ಧ್ರುವಪ್ರಭೆ ಹಿಮಾಲಯದ ನೆತ್ತಿಯವರೆಗೂ ಇಣುಕಿತ್ತು. ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು, ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅದೇ ಹೊತ್ತಿಗೆ ಅಮೆರಿಕದ ಹೊಲಗಳಲ್ಲಿ ಉಪಗ್ರಹಗಳ ಮಾರ್ಗದರ್ಶನದಿಂದ ಬಿತ್ತನೆ ನಡೆಸುತ್ತಿದ್ದ ಟ್ರ್ಯಾಕ್ಟರುಗಳು ದಾರಿ ತಪ್ಪಿ, ರೈತರು ಕೆಲಸ ನಿಲ್ಲಿಸಿ ಕೈಕಟ್ಟಿ ಕುಳಿತಿದ್ದರು. ಸೂರ್ಯನಿಂದ ಸಿಡಿದ ಕಣಗಳ ಮೋಡವೊಂದು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದಿತ್ತು. ಎರಡು ದಶಕಗಳಲ್ಲೇ ಅತಿ ತೀವ್ರವಾದ ಕಾಂತ ಬಿರುಗಾಳಿ ಅದು.

ಆ ಕೆಂಪು ಬೆಳಕನ್ನು ಬೆರಗಿನಿಂದ ನೋಡಿದವರಲ್ಲಿ ಎಷ್ಟು ಮಂದಿಗೆ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್‌ನ ಹೆಸರು ನೆನಪಾಗಿರಬಹುದು? ಇಂದು ನಾವು ಬಾಹ್ಯಾಕಾಶ ಹವಾಮಾನ ಎಂದು ಕರೆಯುವ ಶಾಸ್ತ್ರಕ್ಕೆ ತಳಪಾಯ ಹಾಕಿದ ಕೆಲವೇ ಮಂದಿಯಲ್ಲಿ ಆತ ಅಗ್ರಗಣ್ಯ. ಬದುಕಿದ್ದು ನಲವತ್ತೊಂಬತ್ತು ವರ್ಷ. ಆತನ ಮುಖ್ಯ ಸಿದ್ಧಾಂತಕ್ಕೆ ಪುರಾವೆ ದೊರೆತದ್ದು ಆತ ಸತ್ತು ಅರ್ಧ ಶತಮಾನ ಕಳೆದ ಮೇಲೆ. ವಿಜ್ಞಾನಕ್ಕೆ ಹಣ ಎಲ್ಲಿಂದ ಬರಬೇಕು, ಫಲ ಎಷ್ಟು ದಿನಕ್ಕೆ ಬರಬೇಕು ಎಂಬ ಚರ್ಚೆ ನಮ್ಮಲ್ಲಿ ಮತ್ತೆ ಮತ್ತೆ ಏಳುವಾಗಲೆಲ್ಲ ನನಗೆ ಈ ನಾರ್ವೆಯ ಪ್ರೊಫೆಸರ್ ನೆನಪಾಗುತ್ತಾನೆ.

ಬಿರ್ಕೆಲ್ಯಾಂಡ್ ಹುಟ್ಟಿದ್ದು 1867ರ ಡಿಸೆಂಬರ್ 13ರಂದು, ಇಂದು ಓಸ್ಲೋ ಎಂದು ಕರೆಯಲಾಗುವ ಅಂದಿನ ಕ್ರಿಸ್ಟಿಯಾನಿಯಾ ನಗರದಲ್ಲಿ. ನಾರ್ವೆ ಆಗ ಸ್ವೀಡನ್ ದೊರೆಯ ಅಧೀನದಲ್ಲಿದ್ದ, ಯೂರೋಪಿನ ಅಂಚಿನ ಬಡ ದೇಶ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ತರುಣ ಪ್ಯಾರಿಸ್ಸಿಗೆ ಹೋಗಿ ಗಣಿತಜ್ಞ ಪ್ವಾಂಕರೆಯ ಪಾಠ ಕೇಳಿದ; ಬಾನ್ ನಗರದಲ್ಲಿ, ರೇಡಿಯೋ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಹರ್ಟ್ಸ್‌ನ ಬಳಿ ಕೆಲಸ ಮಾಡಿದ. ವಿದ್ಯುತ್ತು ಮತ್ತು ಕಾಂತತ್ವಗಳನ್ನು ಒಂದೇ ಸೂತ್ರದಲ್ಲಿ ಬೆಸೆದ ಮ್ಯಾಕ್ಸ್‌ವೆಲ್‌ನ ಸಮೀಕರಣಗಳಿಗೆ 1895ರಲ್ಲಿ ಆತ ನೀಡಿದ ಸಾಮಾನ್ಯ ಪರಿಹಾರ ವಿದ್ವತ್ ವಲಯದಲ್ಲಿ ಆತನಿಗೆ ಹೆಸರು ತಂದಿತು. 1898ರಲ್ಲಿ, ಮೂವತ್ತೊಂದು ತುಂಬುವ ಹೊತ್ತಿಗೆ ಆತ ತನ್ನದೇ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅಲ್ಲಿಂದಾಚೆಗೆ ಸುಖವಾಗಿ ಪಾಠ ಹೇಳಿಕೊಂಡು, ಸಮೀಕರಣಗಳನ್ನು ಬಿಡಿಸುತ್ತ ಇದ್ದುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಆತನಿಗೆ ಬೇರೊಂದು ಹುಚ್ಚು ಹಿಡಿದಿತ್ತು.

ಕ್ಯಾಥೋಡ್ ಕಿರಣಗಳು ಆಗ ಭೌತವಿಜ್ಞಾನದ ಹೊಸ ಸೋಜಿಗ. ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ವಿದ್ಯುತ್ ಹರಿಸಿದಾಗ ಹೊಮ್ಮುವ ಈ ಕಿರಣಗಳ ಬಳಿ ಅಯಸ್ಕಾಂತವೊಂದನ್ನು ಹಿಡಿದರೆ ಅವು ಅದರ ಧ್ರುವದತ್ತ ಬಾಗಿ ಒಟ್ಟುಗೂಡುವುದನ್ನು ಬಿರ್ಕೆಲ್ಯಾಂಡ್ ಗಮನಿಸಿದ. ಭೂಮಿಯೂ ಒಂದು ಅಯಸ್ಕಾಂತವೇ ತಾನೆ? ಸೂರ್ಯನೂ ಇಂಥದೇ ಕಿರಣಗಳನ್ನು ಚಿಮ್ಮುತ್ತಿದ್ದರೆ ಅವು ಭೂಮಿಯ ಕಾಂತಧ್ರುವಗಳ ಸುತ್ತಲೇ ಬಂದು ಇಳಿಯಬೇಕು. ಅಲ್ಲಿನ ವಾಯುಮಂಡಲವನ್ನು ಬಡಿದು ಬೆಳಗಿಸಬೇಕು. ಧ್ರುವಪ್ರಭೆ ಧ್ರುವಗಳ ಸುತ್ತಲೇ ಏಕೆ ಕಾಣುತ್ತದೆ ಎಂಬುದಕ್ಕೆ ಇದೇ ಉತ್ತರ ಎಂದು 1896ರಲ್ಲಿ ಆತ ಮಂಡಿಸಿದ. ಜೆ.ಜೆ. ಥಾಮ್ಸನ್ ಆ ಕಿರಣಗಳೆಂದರೆ ಎಲೆಕ್ಟ್ರಾನುಗಳು ಎಂದು ತೋರಿಸಿಕೊಟ್ಟದ್ದು ಅದರ ಮರುವರ್ಷ.

ಹಾಗೆ ಹೇಳಲು ಆ ಕಾಲದಲ್ಲಿ ಧೈರ್ಯ ಬೇಕಿತ್ತು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಬೆಳಕಿನ ಸ್ಫೋಟವನ್ನು ಕಂಡಿದ್ದ. ಒಂದು ದಿನ ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ದಿಕ್ಸೂಚಿಗಳು ಕಂಪಿಸಿ, ಟೆಲಿಗ್ರಾಫ್ ತಂತಿಗಳು ಕೆಟ್ಟಿದ್ದವು. ಆದರೂ ಇವೆರಡರ ನಡುವಿನ ನಂಟನ್ನು ಒಪ್ಪಲು ಹಿರಿಯರು ಸಿದ್ಧರಿರಲಿಲ್ಲ. 1892ರಲ್ಲಿ ಲಾರ್ಡ್ ಕೆಲ್ವಿನ್ ಲೆಕ್ಕವನ್ನೇ ಮುಂದಿಟ್ಟ. ಸೂರ್ಯನು ದೊಡ್ಡದೊಂದು ಅಯಸ್ಕಾಂತದಂತೆ ವರ್ತಿಸಿ ಭೂಮಿಯ ಮೇಲೆ ಎಂಟು ಗಂಟೆಗಳ ಸಾಧಾರಣ ಕಾಂತ ಬಿರುಗಾಳಿಯನ್ನು ಎಬ್ಬಿಸಬೇಕಾದರೆ ನಾಲ್ಕು ತಿಂಗಳಲ್ಲಿ ಹೊರಸೂಸುವ ಬೆಳಕು ಮತ್ತು ಶಾಖದಷ್ಟು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಆದ್ದರಿಂದ ಇದು ಅಸಂಭವ ಎಂಬುದು ಆತನ ವಾದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಸೂರ್ಯನಿಂದ ಹೊರಡುವುದು ಕಾಂತಪ್ರಭಾವವಲ್ಲ, ಸಾಕ್ಷಾತ್ ವಿದ್ಯುತ್ಕಣಗಳು ಎಂಬ ಸಾಧ್ಯತೆಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಬಿರ್ಕೆಲ್ಯಾಂಡ್ ಹೊಕ್ಕದ್ದು ಆ ಬಾಗಿಲಿನ ಮೂಲಕ.

ಕುರ್ಚಿಯಲ್ಲಿ ಕುಳಿತು ಸಿದ್ಧಾಂತ ಹೆಣೆಯುವುದರಲ್ಲಿ ಆತ ತೃಪ್ತನಾಗಲಿಲ್ಲ. ಧ್ರುವಪ್ರಭೆಯನ್ನು ಅದರ ಮನೆಯಂಗಳದಲ್ಲೇ ಅಳೆಯಬೇಕೆಂದು ಹೊರಟ. ಆರಂಭದ ಯಾತ್ರೆಯೊಂದರಲ್ಲಿ ಜೊತೆಗಿದ್ದ ವೈದ್ಯಕೀಯ ವಿದ್ಯಾರ್ಥಿ ಹೆಲ್ಲಾಂಡ್-ಹಾನ್ಸೆನ್ ಹಿಮಗಡಿತಕ್ಕೆ ಸಿಲುಕಿ ಹಲವು ಬೆರಳುಗಳನ್ನು ಕಳೆದುಕೊಂಡ. ವೈದ್ಯನಾಗುವ ದಾರಿ ಮುಚ್ಚಿ, ಮುಂದೆ ಹೆಸರಾಂತ ಸಮುದ್ರವಿಜ್ಞಾನಿಯಾದ. 1899ರಲ್ಲಿ ಬಿರ್ಕೆಲ್ಯಾಂಡ್ ನಾರ್ವೆಯ ಉತ್ತರ ತುದಿಯ ಆಲ್ಟಾ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹಾಲ್ಡೆ ಶಿಖರದ ಮೇಲೆ ಕಲ್ಲಿನ ವೀಕ್ಷಣಾಲಯ ಕಟ್ಟಿಸಿದ. ಅಲ್ಲಿಂದ ಮೂರು ಕಿಲೋಮೀಟರಿಗೂ ತುಸು ದೂರದ ಇನ್ನೊಂದು ಶಿಖರದ ಮೇಲೆ ಮತ್ತೊಂದು. ಎರಡೂ ಕಡೆಯಿಂದ ಒಂದೇ ಕ್ಷಣದಲ್ಲಿ ನೋಡಿ ಬೆಳಕಿನ ಎತ್ತರ ಅಳೆಯುವುದು ಉದ್ದೇಶ. ತಿಂಗಳುಗಟ್ಟಲೆ ಸೂರ್ಯನೇ ಮೂಡದ ಚಳಿಗಾಲ, ಮನೆಯ ಬಾಗಿಲು ತೆರೆಯಲು ಬಿಡದ ಗಾಳಿ. ಆ ಯಾತ್ರೆಯ ಸದಸ್ಯ ಎಲಿಸಾರ್ ಬೋಯೆ 1900ರಲ್ಲಿ ಹಿಮಪಾತಕ್ಕೆ ಸಿಕ್ಕಿ ಪ್ರಾಣಬಿಟ್ಟ. ಇಷ್ಟೆಲ್ಲ ತೆತ್ತರೂ ಎತ್ತರದ ಅಳತೆ ದಕ್ಕಲಿಲ್ಲ. ಎರಡು ಶಿಖರಗಳ ನಡುವಿನ ಅಂತರ ಅದಕ್ಕೆ ಸಾಲದಾಗಿತ್ತು. ಮುಂದೆ ಬಿರ್ಕೆಲ್ಯಾಂಡ್‌ನಿಂದಲೇ ಸ್ಫೂರ್ತಿ ಪಡೆದ ಗಣಿತಜ್ಞ ಕಾರ್ಲ್ ಸ್ಟೋರ್ಮರ್ ಇನ್ನೂ ದೂರದೂರದ ಠಾಣೆಗಳಿಂದ ಛಾಯಾಚಿತ್ರ ತೆಗೆದು, ಧ್ರುವಪ್ರಭೆಯ ಕೆಳಅಂಚು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿದೆ ಎಂದು ಸ್ಥಾಪಿಸಿದ.

ಆದರೆ ಆ ಶಿಖರದಲ್ಲಿ ಬಿರ್ಕೆಲ್ಯಾಂಡ್‌ಗೆ ಇನ್ನೊಂದು ಸಂಗತಿ ಹೊಳೆಯಿತು. ಆಕಾಶದಲ್ಲಿ ಬೆಳಕಿನ ಪರದೆ ಕುಣಿದಾಗಲೆಲ್ಲ ಕಾಂತಮಾಪಕದ ಸೂಜಿಯೂ ಅಲುಗುತ್ತಿತ್ತು. ಸೂಜಿ ಅಲುಗಬೇಕಾದರೆ ಎಲ್ಲೋ ವಿದ್ಯುತ್ ಪ್ರವಾಹ ಹರಿಯುತ್ತಿರಲೇಬೇಕು. ಎಲ್ಲಿ, ಎಷ್ಟು, ಯಾವ ದಿಕ್ಕಿಗೆ? ಒಂದು ಠಾಣೆಯಿಂದ ಇದನ್ನು ಹೇಳಲಾಗದು. ಹೀಗಾಗಿ 1902-03ರ ಚಳಿಗಾಲಕ್ಕೆ ಆತ ನಾಲ್ಕು ಠಾಣೆಗಳನ್ನು ಹೂಡಿದ: ಉತ್ತರ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್ ಮತ್ತು ರಷ್ಯಾದ ನೊವಾಯಾ ಜೆಮ್ಲ್ಯಾ. ಕತ್ತಲ ಕೋಣೆಯಲ್ಲಿ ತಿರುಗುವ ಛಾಯಾಕಾಗದದ ಮೇಲೆ ಬೆಳಕಿನ ಚುಕ್ಕೆಯೊಂದು ಸೂಜಿಯ ಒಂದೊಂದು ಅಲುಗಾಟವನ್ನೂ ಗೆರೆಯಾಗಿ ಬರೆಯುತ್ತಿತ್ತು. ನಾಲ್ಕೂ ಕಡೆಯ ಗೆರೆಗಳನ್ನು, ಜೊತೆಗೆ ಪ್ರಪಂಚದ ಬೇರೆ ಬೇರೆ ವೀಕ್ಷಣಾಲಯಗಳಿಂದ ತರಿಸಿಕೊಂಡ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಆತ ವರ್ಷಗಟ್ಟಲೆ ಕುಳಿತ. ಆ ಶ್ರಮದ ಫಲವಾಗಿ ಧ್ರುವಪ್ರಭಾ ಯಾತ್ರೆಯ ಮಹಾಗ್ರಂಥದ ಎರಡು ಭಾಗಗಳು 1908 ಮತ್ತು 1913ರಲ್ಲಿ ಹೊರಬಂದವು.

ಆತ ತಲುಪಿದ ತೀರ್ಮಾನ ಹೀಗಿತ್ತು. ಧ್ರುವಪ್ರಭೆಯ ಪಟ್ಟಿಯ ಉದ್ದಕ್ಕೂ, ನೂರಾರು ಕಿಲೋಮೀಟರ್ ಎತ್ತರದಲ್ಲಿ, ಹತ್ತು ಲಕ್ಷ ಆಂಪಿಯರುಗಳ ಆಸುಪಾಸಿನ ಪ್ರವಾಹ ಹರಿಯುತ್ತದೆ. ಅದು ಅಲ್ಲೇ ಹುಟ್ಟಿ ಅಲ್ಲೇ ಸುತ್ತುವುದಿಲ್ಲ. ಕಾಂತರೇಖೆಗಳ ಗುಂಟ ಬಾಹ್ಯಾಕಾಶದಿಂದ ಇಳಿದು ಬಂದು, ಅಡ್ಡಲಾಗಿ ಹರಿದು, ಮತ್ತೆ ಮೇಲೇರಿ ಹೊರಟುಹೋಗುತ್ತದೆ. ಅಂದರೆ ಭೂಮಿ ತನ್ನ ಪಾಡಿಗೆ ಶೂನ್ಯದಲ್ಲಿ ತೇಲುತ್ತಿರುವ ಗೋಲವಲ್ಲ. ಅದೃಶ್ಯ ತಂತಿಗಳಿಂದ ಸೂರ್ಯನೊಂದಿಗೆ ಬಂಧಿತವಾದದ್ದು. ಬಾಹ್ಯಾಕಾಶ ಬರಿದೋ ಬರಿದು ಎಂದು ನಂಬಿದ್ದ ಕಾಲದಲ್ಲಿ, ಅದು ಎಲೆಕ್ಟ್ರಾನು ಮತ್ತು ಅಯಾನುಗಳಿಂದ ತುಂಬಿದೆ ಎಂದು ಆತ ಬರೆದ.

ಈ ನೋಟವನ್ನು ಪ್ರಯೋಗಶಾಲೆಗೂ ತಂದ. ಭೂಮಿಯೇ ಒಂದು ಅಯಸ್ಕಾಂತ ಎಂದು 1600ರಲ್ಲಿ ತೋರಿಸಿದ್ದ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಕಲ್ಲಿನಿಂದ ಪುಟ್ಟ ಗೋಲ ಮಾಡಿ ಅದಕ್ಕೆ ಟೆರೆಲ್ಲಾ, ಎಂದರೆ ಕಿರುಭೂಮಿ, ಎಂದು ಹೆಸರಿಟ್ಟಿದ್ದ. ಬಿರ್ಕೆಲ್ಯಾಂಡ್ ಒಳಗೆ ವಿದ್ಯುತ್ಕಾಂತವಿದ್ದ ಲೋಹದ ಗೋಲವನ್ನು ನಿರ್ವಾತ ಪೆಟ್ಟಿಗೆಯಲ್ಲಿಟ್ಟು ಅದರತ್ತ ಕ್ಯಾಥೋಡ್ ಕಿರಣಗಳನ್ನು ಹಾಯಿಸಿದ. ಕತ್ತಲಲ್ಲಿ ಆ ಕಿರುಭೂಮಿಯ ಎರಡೂ ಧ್ರುವಗಳ ಸುತ್ತ ಮಂದಪ್ರಭೆಯ ಉಂಗುರಗಳು ಮೂಡಿದವು. ಆಕಾಶದ ಅದ್ಭುತವನ್ನು ಮೇಜಿನ ಮೇಲೆ ಇಳಿಸಿದಂತಾಯಿತು. ಪೆಟ್ಟಿಗೆಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾದವು. ಕೊನೆಯದರಲ್ಲಿ ಮನುಷ್ಯನೊಬ್ಬ ಹೊಕ್ಕು ಕೂರಬಹುದಾಗಿತ್ತು.

ದೊಡ್ಡ ಪೆಟ್ಟಿಗೆಗೆ, ದೂರದ ಯಾತ್ರೆಗೆ ಹಣ ಬೇಕು. ಸರ್ಕಾರ ಕೊಟ್ಟದ್ದು ಸಾಲಲಿಲ್ಲ. ಪ್ರೊಫೆಸರ್ ತಾನೇ ಸಂಪಾದಿಸಲು ಹೊರಟ. ವಿದ್ಯುತ್ಕಾಂತಗಳ ಬಲದಿಂದ ಸದ್ದಿಲ್ಲದೆ ಗುಂಡು ಹಾರಿಸುವ ಫಿರಂಗಿಯೊಂದನ್ನು ಕಂಡುಹಿಡಿದು 1901ರಲ್ಲಿ ಪೇಟೆಂಟ್ ಪಡೆದ, ಕಂಪನಿಯನ್ನೂ ಕಟ್ಟಿದ. 1903ರಲ್ಲಿ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಗಣ್ಯರ ಮುಂದೆ ಅದರ ಪ್ರದರ್ಶನ. ಸದ್ದಿಲ್ಲದ ಫಿರಂಗಿಯಲ್ಲಿ ವಿದ್ಯುತ್ ಸುರುಳಿ ಸುಟ್ಟು, ಕಿವಿಗಡಚಿಕ್ಕುವ ಸದ್ದಿನೊಂದಿಗೆ ಬೆಂಕಿಯ ಜ್ವಾಲೆ ಎದ್ದಿತು; ಸಭಿಕರು ಗಾಬರಿಯಿಂದ ಚದುರಿದರು. ಫಿರಂಗಿಯ ಕನಸು ಅಲ್ಲಿಗೆ ಕೊನೆಗೊಂಡಿತು.

ಅದೇ ವರ್ಷ ಆತನಿಗೆ ಎಂಜಿನಿಯರ್ ಸಾಮ್ ಐಡೆಯ ಪರಿಚಯವಾಯಿತು. ಯೂರೋಪಿನ ಹೊಲಗಳಿಗೆ ಬೇಕಾದ ನೈಟ್ರೇಟ್ ಗೊಬ್ಬರ ಆಗ ಬಹುಪಾಲು ಚಿಲಿ ದೇಶದ ಗಣಿಗಳಿಂದ ಬರುತ್ತಿತ್ತು. ಅದು ಮುಗಿದರೆ ಜಗತ್ತಿಗೆ ಅನ್ನದ ಕೊರತೆ ಎಂದು 1898ರಲ್ಲೇ ವಿಲಿಯಂ ಕ್ರೂಕ್ಸ್ ಎಚ್ಚರಿಸಿದ್ದ. ಗಾಳಿಯಲ್ಲಿ ಸಾರಜನಕ ಧಾರಾಳವಾಗಿದೆ. ಅದನ್ನು ಆಮ್ಲಜನಕದೊಂದಿಗೆ ಬೆಸೆಯಲು ಮಿಂಚಿನಂಥ ಕಾವು ಬೇಕು. ನಾರ್ವೆಯ ಜಲಪಾತಗಳ ಹಕ್ಕು ಐಡೆಯ ಕೈಯಲ್ಲಿತ್ತು. ಮಿಂಚನ್ನು ಪಳಗಿಸುವ ವಿದ್ಯೆ ಬಿರ್ಕೆಲ್ಯಾಂಡ್‌ಗೆ ಗೊತ್ತಿತ್ತು. ಪ್ರಬಲ ಕಾಂತಕ್ಷೇತ್ರದಲ್ಲಿ ವಿದ್ಯುತ್ ಚಾಪವನ್ನು ಎಬ್ಬಿಸಿದರೆ ಅದು ಬೆಂಕಿಯ ದೊಡ್ಡ ತಟ್ಟೆಯಂತೆ ಹರಡಿಕೊಳ್ಳುತ್ತದೆ. ಅದರ ಮೂಲಕ ಗಾಳಿ ಹಾಯಿಸಿದರೆ ಸಾರಜನಕ ಸೆರೆಯಾಗುತ್ತದೆ. 1905ರ ಡಿಸೆಂಬರಿನಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿತು. ನಾರ್ವೆ ಸ್ವೀಡನ್ನಿನಿಂದ ಬಿಡುಗಡೆ ಪಡೆದದ್ದೂ ಅದೇ ವರ್ಷ. ಹೊಸ ದೇಶದ ಕೈಗಾರಿಕೆಗೆ ಆ ಕಂಪನಿ ಬೆನ್ನೆಲುಬಾಯಿತು. ಅದರ ಗೊಬ್ಬರದ ವಿಭಾಗ 2004ರಲ್ಲಿ ಬೇರೆಯಾಗಿ ಯಾರಾ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಹರಡಿದೆ. ಬಿರ್ಕೆಲ್ಯಾಂಡ್-ಐಡೆ ವಿಧಾನ ವಿಪರೀತ ವಿದ್ಯುತ್ ನುಂಗುತ್ತಿದ್ದರಿಂದ 1920ರ ದಶಕದ ಕೊನೆಗೆ ಹೇಬರ್-ಬಾಷ್ ವಿಧಾನಕ್ಕೆ ಜಾಗ ಬಿಟ್ಟುಕೊಟ್ಟಿತು ಎಂಬುದನ್ನೂ ಹೇಳಬೇಕು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಮೂಲವಿಜ್ಞಾನದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಬಿರ್ಕೆಲ್ಯಾಂಡ್‌ನ ಬದುಕು ಸುಲಭದ ಉತ್ತರವಾಗಿ ಕಾಣಬಹುದು: ಧ್ರುವಪ್ರಭೆಯ ಬೆನ್ನು ಹತ್ತಿದವನು ಗೊಬ್ಬರ ತಂದುಕೊಟ್ಟ. ಆದರೆ ನನಗೆ ಆ ಉತ್ತರ ಅಷ್ಟು ಹಿಡಿಸುವುದಿಲ್ಲ. ಆತನ ದೃಷ್ಟಿಯಲ್ಲಿ ಗೊಬ್ಬರ ಸಾಧನ, ಧ್ರುವಪ್ರಭೆ ಗುರಿ. ಕಂಪನಿಯಿಂದ ಬಂದದ್ದನ್ನು ಆತ ನಿರ್ವಾತ ಪೆಟ್ಟಿಗೆಗಳಿಗೆ ಸುರಿದ. ಆ ಸಂಪಾದನೆಗಾಗಿ ಆತ ತೆತ್ತ ಬೆಲೆಯೂ ಸಣ್ಣದಲ್ಲ. ಕುಲುಮೆಗಳ ನಡುವೆ ಹಗಲುರಾತ್ರಿ ದುಡಿದ ವರ್ಷಗಳು ಆತನ ನಿದ್ದೆ ಕಸಿದುಕೊಂಡವು. 1905ರಲ್ಲಿ ಇಡಾ ಹ್ಯಾಮರ್‌ಳೊಂದಿಗೆ ನಡೆದ ಮದುವೆ 1911ರಲ್ಲಿ ಮುರಿದುಬಿತ್ತು. ನೊಬೆಲ್ ಪ್ರಶಸ್ತಿಗೆ ಆತನ ಹೆಸರು ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ನಿದ್ದೆಗಾಗಿ ವೆರೋನಾಲ್ ಎಂಬ ಔಷಧಿಗೆ ಮೊರೆಹೋದ ಪ್ರೊಫೆಸರ್ ಕ್ರಮೇಣ ಅದರ ದಾಸನಾದ.

1913ರಲ್ಲಿ ಆತ ನಾರ್ವೆ ಬಿಟ್ಟು ಈಜಿಪ್ಟಿಗೆ ಹೋದ. ಮುಸ್ಸಂಜೆಯ ನಂತರ, ಮುಂಜಾವಿಗೆ ಮೊದಲು ಮರುಭೂಮಿಯ ಆಕಾಶದಲ್ಲಿ ಕಾಣುವ ರಾಶಿಚಕ್ರದ ಮಂದಬೆಳಕನ್ನು ಅಧ್ಯಯನ ಮಾಡುವುದು ಉದ್ದೇಶ. ಅದೂ ಸೂರ್ಯನಿಂದ ಹೊಮ್ಮಿದ ವಿದ್ಯುತ್ಕಣಗಳ ಕೆಲಸವೇ ಎಂದು ಆತ ನಂಬಿದ್ದ. ಈ ಊಹೆ ನಿಲ್ಲಲಿಲ್ಲ. ಆ ಬೆಳಕು ಗ್ರಹಗಳ ನಡುವಿನ ಧೂಳು ಪ್ರತಿಫಲಿಸಿದ ಬಿಸಿಲು. ಎಲ್ಲವನ್ನೂ ಒಂದೇ ಕೀಲಿಯಿಂದ ತೆರೆಯಲು ಹೊರಟವನ ಕೀಲಿ ಕೆಲವು ಬಾಗಿಲುಗಳಿಗೆ ಹೊಂದುವುದಿಲ್ಲ. ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. ಕೈರೋ ಬಳಿಯ ಹೆಲ್ವಾನ್‌ನಲ್ಲಿ ಒಂಟಿಯಾಗಿದ್ದ ಬಿರ್ಕೆಲ್ಯಾಂಡ್‌ಗೆ ಬ್ರಿಟಿಷ್ ಗೂಢಚಾರರು ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭಯ ಹತ್ತಿತು. ಯುದ್ಧಗ್ರಸ್ತ ಯೂರೋಪನ್ನು ಬಳಸಿಕೊಂಡು ಊರಿಗೆ ಮರಳಲು ಪೂರ್ವದ ದಾರಿ ಹಿಡಿದು ಜಪಾನ್ ತಲುಪಿದ. ಅಲ್ಲಿ ಭೌತವಿಜ್ಞಾನಿ ತೊರಾಹಿಕೊ ತೆರಾದಾನಂಥ ಸ್ನೇಹಿತರಿದ್ದರು. 1917ರ ಜೂನ್ 15ರಂದು ಟೋಕಿಯೋದ ಹೋಟೆಲ್ ಕೋಣೆಯಲ್ಲಿ ಆತ ಶವವಾಗಿ ಸಿಕ್ಕ. ಅರ್ಧ ಗ್ರಾಂ ತೆಗೆದುಕೊಳ್ಳಬೇಕಿದ್ದ ವೆರೋನಾಲ್ ಅನ್ನು ಹತ್ತು ಗ್ರಾಂನಷ್ಟು ಸೇವಿಸಿದ್ದ. ಚಿತಾಭಸ್ಮ ಸ್ವದೇಶ ತಲುಪಿ ಸರ್ಕಾರಿ ಗೌರವದೊಂದಿಗೆ ಸಮಾಧಿಯಾದದ್ದು 1919ರಲ್ಲಿ.

ಮನುಷ್ಯ ಸತ್ತ ಮೇಲೆ ಆತನ ಸಿದ್ಧಾಂತವೂ ಬದಿಗೆ ಸರಿಯಿತು. ಒಂದೇ ಜಾತಿಯ ವಿದ್ಯುತ್ಕಣಗಳ ಕಿರಣ ಅಷ್ಟು ದೂರ ಒಟ್ಟಾಗಿ ಬರಲಾರದು, ಪರಸ್ಪರ ವಿಕರ್ಷಣೆಯಿಂದ ಚದುರಿಹೋಗುತ್ತದೆ ಎಂದು 1911ರಲ್ಲೇ ಆರ್ಥರ್ ಶುಸ್ಟರ್ ಆಕ್ಷೇಪಿಸಿದ್ದ. ಆಕ್ಷೇಪ ನ್ಯಾಯವಾದದ್ದೇ. ಋಣ ಮತ್ತು ಧನ ಕಣಗಳೆರಡೂ ಜೊತೆಯಾಗಿ ಬರುತ್ತವೆ ಎಂದು ಬಿರ್ಕೆಲ್ಯಾಂಡ್ ಕೊನೆಯ ವರ್ಷಗಳಲ್ಲಿ ತಿದ್ದಿಕೊಂಡಿದ್ದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ಮುಂದಿನ ದಶಕಗಳಲ್ಲಿ ಭೂಕಾಂತತ್ವದ ಕ್ಷೇತ್ರವನ್ನು ಆಳಿದವನು ಇಂಗ್ಲೆಂಡಿನ ಸಿಡ್ನಿ ಚಾಪ್‌ಮನ್. ಆತನ ಗಣಿತದಲ್ಲಿ ಪ್ರವಾಹಗಳು ವಾಯುಮಂಡಲದ ಮೇಲುಪದರದಲ್ಲೇ ಸುತ್ತುತ್ತಿದ್ದವು. ಮೇಲಿನಿಂದ ಇಳಿಯುವ ತಂತಿಗಳ ಅಗತ್ಯವಿರಲಿಲ್ಲ. ಚಾಪ್‌ಮನ್‌ನನ್ನು ಖಳನಾಯಕನನ್ನಾಗಿ ಮಾಡುವುದು ಸರಿಯಲ್ಲ. ನೆಲದ ಮೇಲಿನ ಅಳತೆಗಳು ಎಷ್ಟೇ ಇದ್ದರೂ ಅವುಗಳಿಂದ ಮಾತ್ರವೇ ಈ ಎರಡು ಚಿತ್ರಗಳಲ್ಲಿ ಯಾವುದು ನಿಜ ಎಂದು ತೀರ್ಮಾನಿಸಲು ಸಾಧ್ಯವಿಲ್ಲ. ಅದು ಗಣಿತವೇ ವಿಧಿಸಿರುವ ಮಿತಿ. ತೀರ್ಪು ಹೇಳಬೇಕಾದರೆ ಮೇಲಕ್ಕೆ ಹೋಗಿಯೇ ಅಳೆಯಬೇಕಿತ್ತು. ಸ್ವೀಡನ್ನಿನ ಹಾನೆಸ್ ಆಲ್ಫ್‌ವೇನ್ 1939ರಿಂದಲೇ ಬಿರ್ಕೆಲ್ಯಾಂಡ್‌ನ ಪರ ವಾದ ಹೂಡಿದರೂ ಬಹುಮತ ಚಾಪ್‌ಮನ್ ಕಡೆಗಿತ್ತು.

1962ರಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-2 ನೌಕೆ ಸೂರ್ಯನಿಂದ ಎಡೆಬಿಡದೆ ಬೀಸುವ ಕಣಗಳ ಮಾರುತವನ್ನು ಅಳೆಯಿತು. ಅಮೆರಿಕದ ಉಪಗ್ರಹವೊಂದು ಧ್ರುವಪ್ರದೇಶದ ಮೇಲೆ ಹಾಯುವಾಗ ಕಂಡ ಕಾಂತೀಯ ಏರುಪೇರುಗಳನ್ನು 1966ರಲ್ಲಿ ಪ್ರಕಟಿಸಿದವರು ಮೊದಲು ಅವನ್ನು ಅಲೆಗಳೆಂದು ತಿಳಿದರು. 1967ರಲ್ಲಿ ಅವು ಕಾಂತರೇಖೆಗಳ ಗುಂಟ ಹರಿಯುವ ಪ್ರವಾಹಗಳ ಗುರುತು ಎಂಬ ವಿವರಣೆ ಬಂತು. ಬಿರ್ಕೆಲ್ಯಾಂಡ್ ಹುಟ್ಟಿ ನೂರು ವರ್ಷ, ಸತ್ತು ಐವತ್ತು ವರ್ಷ ತುಂಬಿದ ವರ್ಷವದು. 1970ರ ದಶಕದ ಉಪಗ್ರಹಗಳು ಸಂದೇಹವನ್ನು ತೊಡೆದುಹಾಕಿದವು. ಇಂದು ಪಠ್ಯಪುಸ್ತಕಗಳಲ್ಲಿ ಅವುಗಳ ಹೆಸರೇ ಬಿರ್ಕೆಲ್ಯಾಂಡ್ ಪ್ರವಾಹಗಳು. ನಾರ್ವೆ 1994ರಲ್ಲಿ ಹೊರತಂದ 200 ಕ್ರೋನರ್ ನೋಟಿನ ಮೇಲೆ ಆತನ ಮುಖವನ್ನು ಅಚ್ಚು ಹಾಕಿ ಗೌರವಿಸಿತು; 2017ರಲ್ಲಿ ಹೊಸ ನೋಟು ಬರುವವರೆಗೂ ಅದು ಜನರ ಜೇಬಿನಲ್ಲಿ ಓಡಾಡಿತು.

ಇದು ಕೇವಲ ಹಳೆಯ ವಾದವೊಂದರ ಸೋಲುಗೆಲುವಿನ ಕತೆಯಲ್ಲ. 1989ರ ಮಾರ್ಚ್ 13ರಂದು ಇಂಥದೇ ಕಾಂತ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಕೆಡವಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಉಳಿದರು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ಆಗಷ್ಟೇ ಹಾರಿಬಿಟ್ಟಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38ನ್ನು ಬಲಿ ತೆಗೆದುಕೊಂಡಿತು. ಬ್ಯಾಂಕಿನ ವ್ಯವಹಾರದಿಂದ ಹಿಡಿದು ಮೀನುಗಾರರ ದೋಣಿಯವರೆಗೆ ಎಲ್ಲವೂ ಉಪಗ್ರಹಗಳಿಗೆ ಜೋತುಬಿದ್ದಿರುವಾಗ ಸೂರ್ಯನ ಮುನಿಸು ನಮ್ಮ ಮನೆಬಾಗಿಲಿನ ಸಮಸ್ಯೆ. 2023ರ ಸೆಪ್ಟೆಂಬರ್ 2ರಂದು ಹೊರಟು, ಮರುವರ್ಷದ ಜನವರಿಯಲ್ಲಿ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತಾಣ ಸೇರಿದ ನಮ್ಮ ಆದಿತ್ಯ-ಎಲ್1 ನೌಕೆ ಈ ಸಾಲಿನಲ್ಲೇ ನಿಂತಿರುವ ಕಾವಲುಗಾರ. ಸೂರ್ಯನ ಪ್ರಭಾವಲಯವನ್ನು ನೋಡುವ ಅದರ ಪ್ರಮುಖ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆ.

ಆದರೆ ನೌಕೆಗಳಷ್ಟೇ ಸಾಲದು. ಮುಂಬೈಯ ಕೊಲಾಬಾ ವೀಕ್ಷಣಾಲಯದ ಉದಾಹರಣೆ ನೋಡಿ. 1859ರ ಮಹಾ ಬಿರುಗಾಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದದ್ದನ್ನು ಅಲ್ಲಿನ ಸಿಬ್ಬಂದಿ ಕಣ್ಣಿಟ್ಟು ನೋಡಿ ಬರೆದಿಟ್ಟಿದ್ದರು. ಆ ಹಾಳೆಗಳು ಸುಮಾರು ಒಂದೂವರೆ ಶತಮಾನ ಕಾದವು. 2003ರಲ್ಲಿ ಭಾರತೀಯ ವಿಜ್ಞಾನಿಗಳೂ ಇದ್ದ ತಂಡವೊಂದು ಅವುಗಳನ್ನೇ ಆಧರಿಸಿ ಆ ಬಿರುಗಾಳಿಯ ತೀವ್ರತೆಯನ್ನು ಅಂದಾಜು ಮಾಡಿತು. ಇಂದು ಜಗತ್ತಿನ ವಿದ್ಯುತ್ ಜಾಲಗಳು ಎಂಥ ಆಘಾತಕ್ಕೆ ಸಿದ್ಧವಾಗಿರಬೇಕು ಎಂಬ ಚರ್ಚೆಯಲ್ಲಿ ಆ ಅಂಕಿ ಇಣುಕುತ್ತದೆ. ಮುಂಬೈಗೆ ವಿದ್ಯುತ್ ಟ್ರಾಮು ಬರಲಿದೆ, ಸೂಜಿಗಳು ಕದಡುತ್ತವೆ ಎಂದಾಗ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಿ ದಾಖಲೆಯ ಸರಪಳಿ ತುಂಡಾಗದಂತೆ ನೋಡಿಕೊಂಡವರ ದೂರದೃಷ್ಟಿಯನ್ನು ನಾವು ಮರೆಯಬಾರದು.

ಬಿರ್ಕೆಲ್ಯಾಂಡ್ ಗೆದ್ದದ್ದೂ ಇಂಥ ದಾಖಲೆಗಳಿಂದಲೇ. ಹಿಮದ ನಡುವೆ ತಿರುಗಿದ ಆ ಛಾಯಾಕಾಗದಗಳು ಆತನ ಸೋಲಿನ ಐವತ್ತು ವರ್ಷಗಳಲ್ಲೂ ಗ್ರಂಥಾಲಯದ ಕಪಾಟಿನಲ್ಲಿ ಭದ್ರವಾಗಿದ್ದವು; ಮುಂದಿನವರು ತೆರೆದು ನೋಡಬಹುದಾಗಿತ್ತು. ಪ್ರತಿಭಾವಂತರು ತಮ್ಮ ಯಾತ್ರೆಗೆ ತಾವೇ ಫಿರಂಗಿ ಮಾರಿ ದುಡ್ಡು ಹೊಂದಿಸಿಕೊಳ್ಳಲಿ ಎಂದು ಸಮಾಜ ಬಿಟ್ಟುಬಿಡಬಾರದು. ಹಾಗೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಟೋಕಿಯೋದ ಆ ಕೋಣೆಯೂ ಒಂದು ಸಾಕ್ಷಿ. ಐದು ವರ್ಷದ ಯೋಜನೆಯಲ್ಲಿ ಫಲ ತೋರಿಸು ಎಂದು ಕೇಳುವ ವ್ಯವಸ್ಥೆ ಕೊಲಾಬಾದ ಹಾಳೆಗಳನ್ನು ಕಾಯುತ್ತಿರಲಿಲ್ಲ, ಹಾಲ್ಡೆಯ ಶಿಖರವನ್ನೂ ಏರಿಸುತ್ತಿರಲಿಲ್ಲ. ಪ್ರತಿದಿನ ಸೂಜಿಯ ಅಲುಗಾಟವನ್ನು ನೋಡಿ ಬರೆದಿಡುವ ನೀರಸ ಕೆಲಸಕ್ಕೆ ಸಂಬಳ ಕೊಡುವ ಔದಾರ್ಯ ನಮ್ಮ ಮುಂಗಡಪತ್ರಗಳಲ್ಲಿ ಉಳಿದಿರಬೇಕು. ಮುಂದಿನ ಬಿರುಗಾಳಿ ಬರುವ ದಿನ ನಮ್ಮನ್ನು ಕಾಯುವುದು ಆ ಗೆರೆಗಳೇ.